ಸ್ವಂತ ಖರ್ಚಿನಲ್ಲಿ ಪುಸ್ತಕ ತಂದವರಿಗೆ: ವಿಮರ್ಶಕರಿಂದ ಓದಿಸಿಕೊಳ್ಳುವುದು ಹೇಗೆ?

ನಾನು ಹಾವೇರಿ ಕಡೆಯ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆ ಬರೆಯುತ್ತೇನೆ. ಮನೆಗೆ ಬರುವ ಪುಸ್ತಕಗಳಲ್ಲಿ ಲೇಖಕರೇ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದವೇ ಜಾಸ್ತಿ. ಪ್ರಕಾಶನದ ಜಾಗದಲ್ಲಿ ಮಗಳ ಹೆಸರೋ ಮನೆದೇವರ ಹೆಸರೋ ಇರುತ್ತದೆ. ಅದನ್ನು ನೋಡಿ ನಾನಂತೂ ಪುಸ್ತಕ ಪಕ್ಕಕ್ಕಿಡುವುದಿಲ್ಲ. ಪಕ್ಕಕ್ಕಿಡಲು ಬೇರೆ ಕಾರಣಗಳಿವೆ.

ಮೊದಲನೆಯದು ಮುನ್ನುಡಿ. ಒಂದು ಮುನ್ನುಡಿ, ಒಂದು ಹಾರೈಕೆ, ಸ್ವಾಮೀಜಿಯವರ ಆಶೀರ್ವಚನ, ಲೇಖಕರ ಮಾತು, ನಾಲ್ಕು ಪುಟ ಕೃತಜ್ಞತೆ. ಕಥೆ ಶುರುವಾಗುವುದು ಇಪ್ಪತ್ತೈದನೇ ಪುಟಕ್ಕೆ! ಅಷ್ಟರಲ್ಲಿ ಮೂರು ಜನ ಪುಸ್ತಕವನ್ನು ಹೊಗಳಿ ಆಗಿರುತ್ತದೆ, ನನಗೆ ಹೇಳಲು ಏನು ಉಳಿಯಿತು? ಮುನ್ನುಡಿ ಒಂದೇ ಇರಲಿ, ಚಿಕ್ಕದಾಗಿರಲಿ. ಇಲ್ಲದಿದ್ದರೂ ಪರವಾಗಿಲ್ಲ. (ಸೋಮಾರಿ ವಿಮರ್ಶಕರು ಮುನ್ನುಡಿಯ ಸಾಲುಗಳನ್ನೇ ಎತ್ತಿ ವಿಮರ್ಶೆ ಮಾಡಿಬಿಡುತ್ತಾರೆ. ಅಂಥ ವಿಮರ್ಶೆ ನಿಮಗೂ ಬೇಡ ಅಲ್ವಾ?)

ಎರಡನೆಯದು ಅಕ್ಷರ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡಿಗೆ ಬದಲಾಯಿಸುವಾಗ ಅರ್ಕಾವೊತ್ತು ಕೈಕೊಡುತ್ತದೆ. ‘ಕಾರ್ಯಕ್ರಮ’ ಹೋಗಿ ‘ಕರ್ಯಕ್ರಮ’ ಆಗುತ್ತದೆ. ಬರೆದವರ ಕಣ್ಣಿಗೆ ಇದು ಬೀಳುವುದೇ ಇಲ್ಲ, ಅವರಿಗೆ ಮನಸ್ಸಿನಲ್ಲಿರುವ ಪದವೇ ಕಾಣುತ್ತದೆ. ಆದ್ದರಿಂದ ಕರಡು ತಿದ್ದಲು ಹೊರಗಿನವರೊಬ್ಬರಿಗೆ ದುಡ್ಡು ಕೊಡಿ. ಮುಖಪುಟದ ಲ್ಯಾಮಿನೇಶನ್ನಿಗೆ ಸುರಿಯುವ ದುಡ್ಡಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಮೊದಲ ಹತ್ತು ಪುಟದಲ್ಲಿ ಇಂಥ ತಪ್ಪು ಆರೇಳು ಸಿಕ್ಕರೆ ನಾನು ಮುಂದೆ ಓದುವುದಿಲ್ಲ.

ಹೆಸರಿನ ಪುಟದ ಹಿಂದೆ ಪುಟಸಂಖ್ಯೆ, ಬೆಲೆ, ಮುದ್ರಣದ ವರ್ಷ, ಪುಸ್ತಕ ಸಿಗುವ ವಿಳಾಸ, ಫೋನ್ ನಂಬರ್ ಇರಲೇಬೇಕು. ವಿಮರ್ಶೆಯ ತಲೆಯ ಮೇಲೆ ಅಚ್ಚಾಗುವುದು ಇದೇ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿಯಿಂದ ಪುಕ್ಕಟೆ ಸಿಗುತ್ತದೆ. ಅದಕ್ಕೆ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.

ಇನ್ನು ಯಾರಿಗೆ ಕಳಿಸಬೇಕು? ಐನೂರು ಪ್ರತಿ ಹಾಕಿಸಿದ್ದರೆ ಮೂವತ್ತನ್ನು ವಿಮರ್ಶೆಗೆ ಅಂತಲೇ ಎತ್ತಿಡಿ. ಪತ್ರಿಕೆಗೆ ಕಳಿಸುವಾಗ ಎರಡು ಪ್ರತಿ ಇರಲಿ: ಒಂದು ಕಚೇರಿಗೆ, ಒಂದು ಬರೆಯುವವರಿಗೆ. ಒಂದೇ ಪ್ರತಿ ಕಳಿಸಿದರೆ ‘ಸಾದರ ಸ್ವೀಕಾರ’ದಲ್ಲಿ, ಅಂದರೆ ಬಂದ ಪುಸ್ತಕಗಳ ಪಟ್ಟಿಯಲ್ಲಿ, ಹೆಸರು ಬಂದು ಅಲ್ಲಿಗೇ ಮುಗಿಯುವ ಸಾಧ್ಯತೆ ಹೆಚ್ಚು. ಲಕೋಟೆಯ ಮೇಲೆ ಸುಮ್ನೆ ‘ಸಂಪಾದಕರಿಗೆ’ ಅಂತ ಬರೆಯದೆ ‘ಭಾನುವಾರದ ಪುರವಣಿ, ಪುಸ್ತಕ ವಿಮರ್ಶೆ ವಿಭಾಗ’ ಅಂತ ಬರೆಯಿರಿ. ದಿನಪತ್ರಿಕೆಗಳಷ್ಟೇ ಅಲ್ಲ, ಸುಧಾ, ಮಯೂರ, ಹೊಸತು ಇವೆ. ಬುಕ್ ಬ್ರಹ್ಮ, ಕೆಂಡಸಂಪಿಗೆ, ಅವಧಿಯಂಥ ಜಾಲತಾಣಗಳಿವೆ.

ವಿಮರ್ಶಕರಿಗೇ ನೇರವಾಗಿ ಕಳಿಸುವುದಾದರೆ ಮೊದಲು ಅವರು ಬರೆದ ನಾಲ್ಕೈದು ವಿಮರ್ಶೆ ಓದಿ. ನಾನು ಕಥೆ, ಕಾದಂಬರಿ ಬಗ್ಗೆ ಮಾತ್ರ ಬರೆಯುತ್ತೇನೆ. ಆದರೂ ಮುಕ್ತಕಗಳು, ವ್ಯಕ್ತಿತ್ವ ವಿಕಸನದ ಪುಸ್ತಕಗಳು ಬರುತ್ತಲೇ ಇರುತ್ತವೆ. ಪಾಪ, ಅಂಚೆ ಖರ್ಚು ದಂಡ.

ಜೊತೆಗೊಂದು ಪತ್ರ ಇಡಿ. ‘ತಮ್ಮ ಅಮೂಲ್ಯ ಅಭಿಪ್ರಾಯಕ್ಕಾಗಿ’ ಅನ್ನುವ ರಬ್ಬರ್ ಸ್ಟ್ಯಾಂಪ್ ಅಲ್ಲ, ಕೈಬರಹದ ನಾಲ್ಕು ಸಾಲು. ಹೀಗೆ:

‘ಮೇಡಂ, ನಮಸ್ಕಾರ. ನಾನು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತೇನೆ. ಇದರಲ್ಲಿ ಅಲ್ಲಿನ ಹಮಾಲರ ಒಂಬತ್ತು ಕಥೆಗಳಿವೆ. ಪುರುಸೊತ್ತು ಕಡಿಮೆ ಇದ್ದರೆ ಮೂರನೇ ಕಥೆ ಓದಿ. ಇಷ್ಟವಾಗದಿದ್ದರೆ ಬರೆಯಬೇಕಾಗಿಲ್ಲ.’

ಈ ಪತ್ರ ನಾನು ಕಟ್ಟಿದ್ದು. ಆದರೆ ಇಂಥದ್ದು ಬಂದರೆ ಆ ಮೂರನೇ ಕಥೆಯನ್ನು ಅವತ್ತು ರಾತ್ರಿಯೇ ಓದುತ್ತೇನೆ.

ಹೊತ್ತು ನೋಡಿ ಕಳಿಸಿ. ನವೆಂಬರಿನಲ್ಲಿ ರಾಜ್ಯೋತ್ಸವದ ಬಿಡುಗಡೆಗಳ ಸಾಲು. ಡಿಸೆಂಬರಿನಲ್ಲಿ ಬಹುಮಾನಕ್ಕೆ ಆ ವರ್ಷದ ಲೆಕ್ಕಕ್ಕೆ ಬರಲಿ ಅಂತ ಎಲ್ಲರೂ ಅವಸರದಲ್ಲಿ ಅಚ್ಚು ಹಾಕಿಸುತ್ತಾರೆ. ಯುಗಾದಿ ಕಳೆದ ಮೇಲೆ ಕಳಿಸಿದ ಪುಸ್ತಕಕ್ಕೆ ಜಾಗ ಸಿಗುವ ಸಾಧ್ಯತೆ ಹೆಚ್ಚು.

ಕಳಿಸಿದ ಒಂದೂವರೆ ತಿಂಗಳಿಗೆ ‘ಪುಸ್ತಕ ತಲುಪಿತಾ?’ ಅಂತ ಒಂದು ಮೆಸೇಜ್ ಹಾಕಿ. ‘ಓದಿದ್ರಾ?’ ಅಂತಲ್ಲ. ಆಮೇಲೆ ಸುಮ್ಮನಿರಿ. ಕೇಳದೆ ವಾಟ್ಸಾಪಿಗೆ ಪಿಡಿಎಫ್ ತಳ್ಳಬೇಡಿ. ಬಿಡುಗಡೆ ಸಮಾರಂಭಕ್ಕೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ‘ನಾಲ್ಕು ಸಾಲು ಬರೀರಿ’ ಅನ್ನಬೇಡಿ, ಬರೆಯುವವರ ಕೈ ಕಟ್ಟಿಹೋಗುತ್ತದೆ. ಬದಲಿಗೆ ಅದೇ ಸಭೆಯಲ್ಲಿ ಪುಸ್ತಕದ ಬಗ್ಗೆ ಮಾತಾಡಿದವರ ಹತ್ತಿರ ಟಿಪ್ಪಣಿ ಇರುತ್ತದಲ್ಲ, ಅದನ್ನು ಲೇಖನ ಮಾಡಿ ಕಳಿಸುವಿರಾ ಅಂತ ಕೇಳಿ. ಹಲವರು ಒಪ್ಪುತ್ತಾರೆ.

ವಿಮರ್ಶೆ ಖಾರವಾಗಿ ಬಂದರೆ ಫೇಸ್‌ಬುಕ್ಕಿನಲ್ಲಿ ಜಗಳಕ್ಕೆ ಇಳಿಯಬೇಡಿ. ಪಾತ್ರದ ಹೆಸರೋ ಬೆಲೆಯೋ ತಪ್ಪಾಗಿದ್ದರೆ ಮಾತ್ರ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಒಳ್ಳೆಯ ಮಾತು ಬಂದಿದ್ದರೆ ಎರಡನೇ ಮುದ್ರಣದ ಬೆನ್ನಿಗೆ ಹಾಕಿಕೊಳ್ಳಿ, ಪತ್ರಿಕೆಯ ಹೆಸರು, ತಾರೀಖು ಸಮೇತ. ಆದರೆ ಪೂರ್ತಿ ವಾಕ್ಯ ಹಾಕಿ. ‘ಆದರೆ’ ಬರುವಲ್ಲಿಗೆ ಕತ್ತರಿಸಿ ಮೊದಲರ್ಧ ಮಾತ್ರ ಹಾಕಿಕೊಂಡವರ ಮುಂದಿನ ಪುಸ್ತಕವನ್ನು ನಾನು ಬಿಚ್ಚುವುದಿಲ್ಲ.