ಹದಿಹರೆಯದವರಿಗೆ ಮೆಂಟರ್ ಆಗಿ: ನನ್ನ ಅನುಭವ

ಹದಿಹರೆಯದ ಮಕ್ಕಳ ಜೊತೆಗಿದ್ದು ದಾರಿ ತೋರುವ ಮೆಂಟರ್ ಆಗುತ್ತೇನೆ ಎಂದು ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ವಾರಕ್ಕೊಮ್ಮೆ, ಹೇಳಿದ ದಿನ, ಹೇಳಿದ ಹೊತ್ತಿಗೆ, ಕನಿಷ್ಠ ಒಂದು ವರ್ಷ ಬರಲಾಗುವುದಿದ್ದರೆ ಮಾತ್ರ ಒಪ್ಪಿಕೊಳ್ಳಿ. ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ವರ್ಷ ದಾಟಿದ ಒಡನಾಟದಿಂದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಅವರ ಆತ್ಮವಿಶ್ವಾಸ ಇನ್ನಷ್ಟು ಕುಗ್ಗಿತ್ತು. ಮೊದಲೇ ನೊಂದಿರುವ ಹುಡುಗನನ್ನು ಅರ್ಧಕ್ಕೆ ಬಿಟ್ಟುಹೋಗುವುದು ಸಣ್ಣ ವಿಷಯವಲ್ಲ.

ಶುರುವಿನ ವಾರಗಳಲ್ಲಿ ಎದುರುಬದುರು ಕೂತು ಪ್ರಶ್ನೆ ಕೇಳುವುದಿಲ್ಲ. ಜೊತೆಗೆ ನಡೆಯುತ್ತೇವೆ, ಇಲ್ಲವೇ ಏನನ್ನಾದರೂ ರಿಪೇರಿ ಮಾಡುತ್ತೇವೆ. ಕಣ್ಣು ಕೆಲಸದ ಮೇಲಿದ್ದಾಗ ಬಾಯಿ ತಾನಾಗಿ ಬಿಚ್ಚುತ್ತದೆ.

ಒಬ್ಬ ಹುಡುಗನಿಗೆ ಅಪರಿಚಿತರಿಗೆ ಫೋನ್ ಮಾಡುವುದೆಂದರೆ ಕೈ ಬೆವರುತ್ತಿತ್ತು. ಒಂದು ಕೋರ್ಸಿನ ಬಗ್ಗೆ ವಿಚಾರಿಸಬೇಕಿತ್ತು. ಅಮ್ಮನೇ ಮಾಡಲಿ ಎಂದು ದಿನ ತಳ್ಳುತ್ತಿದ್ದ. ಕೇಳಬೇಕಾದ್ದನ್ನು ಅವನೇ ಚೀಟಿಯಲ್ಲಿ ಬರೆದ. ನಾನು ಆಫೀಸಿನವರಾಗಿ, ಒಮ್ಮೆ ಸಮಾಧಾನದಿಂದ, ಒಮ್ಮೆ ಸಿಡುಕಿನಿಂದ ಉತ್ತರಿಸಿದೆ. ಮುಂದಿನ ವಾರ ನಿಜವಾಗಿ ನಂಬರ್ ಒತ್ತಿದ, ರಿಂಗ್ ಆಗುತ್ತಿದ್ದಂತೆ ಕಟ್ ಮಾಡಿದ. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಒತ್ತಿದ. ಚೀಟಿ ಓದುವಾಗ ದನಿ ನಡುಗುತ್ತಿತ್ತು. ಆ ಕಡೆಯಿಂದ ಚೀಟಿಯಲ್ಲಿಲ್ಲದ ಪ್ರಶ್ನೆಯೂ ಬಂತು. ಒಂದು ಕ್ಷಣ ತಡೆದು ಉತ್ತರ ಕೊಟ್ಟ.

"ಭೇಷ್" ಎನ್ನಲಿಲ್ಲ. "ಆ ಪ್ರಶ್ನೆಗೆ ಉತ್ತರ ಯಾರು ಹೇಳಿಕೊಟ್ಟರು?" ಎಂದು ಕೇಳಿದೆ. "ಯಾರೂ ಇಲ್ಲ, ನಾನೇ ಹೇಳ್ದೆ" ಅಂದ. ಈ ಮಾತು ಅವನ ಬಾಯಿಂದಲೇ ಬರಬೇಕಿತ್ತು. ತನ್ನ ಕೈಯಲ್ಲಾಗುತ್ತದೆ ಎಂಬ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಆಧಾರ ತಾನೇ ಮಾಡಿ ಗೆದ್ದ ಅನುಭವ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದರು. ಬೇರೆಯವರ ಪ್ರೋತ್ಸಾಹದ ಮಾತಿಗೆ ಅಷ್ಟು ಬಲವಿಲ್ಲ. ಹಾಗಾಗಿ ಕೆಲಸವನ್ನು ಸಣ್ಣದು ಮಾಡಿಕೊಡುತ್ತೇನೆ, ಅವರ ಪರವಾಗಿ ಮಾಡಿಕೊಡುವುದಿಲ್ಲ.

ಆದರೆ ಮೆಂಟರ್ ವೈದ್ಯರಲ್ಲ. ನೀನು ಹೇಳಿದ್ದು ನನ್ನಲ್ಲೇ ಉಳಿಯುತ್ತದೆ, ಜೀವಕ್ಕೆ ಅಪಾಯವಿದ್ದರೆ ಮಾತ್ರ ದೊಡ್ಡವರಿಗೆ ತಿಳಿಸುತ್ತೇನೆ ಎಂದು ಮೊದಲ ದಿನವೇ ಹೇಳಿರುತ್ತೇನೆ. ನಿದ್ದೆ, ಊಟ ಕೆಟ್ಟು, ಇಷ್ಟದ ಆಟವೂ ಬೇಡವಾಗಿ ಎರಡು ವಾರ ಕಳೆದರೆ ಮನೆಯವರೊಡನೆ ಮಾತಾಡಿ ಮನೋವೈದ್ಯರ ಬಳಿಗೆ ಕಳಿಸುತ್ತೇನೆ. ಅನುಮಾನ ಬಂದರೆ "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಎಷ್ಟೋ ಮಕ್ಕಳಿಗೆ ಯಾರಾದರೂ ಕೇಳಿದರಲ್ಲ ಎಂಬ ಸಮಾಧಾನವಾಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡುವುದಿಲ್ಲ, ಆಗಲೇ ಮನೆಯವರನ್ನು ಕರೆಸಿ ಚಿಕಿತ್ಸೆಗೆ ಕರೆದೊಯ್ಯುತ್ತೇವೆ.

ಚಿಕಿತ್ಸೆ ಶುರುವಾದ ಮೇಲೂ ನಮ್ಮ ಭೇಟಿ ನಿಲ್ಲುವುದಿಲ್ಲ. "ಮಾತ್ರೆ ತಗೊಂಡ್ಯಾ?" ಎಂದು ಮಾತ್ರ ನಾನು ಕೇಳುವುದಿಲ್ಲ. ಅದನ್ನು ಕೇಳಲು ಮನೆಯವರಿದ್ದಾರೆ, ವೈದ್ಯರಿದ್ದಾರೆ. ನಮಗೆ ತುಂಬಬೇಕಾದ ಅರ್ಜಿ ಇರುತ್ತದೆ, ಮಾಡಬೇಕಾದ ಫೋನ್ ಇರುತ್ತದೆ.