ಚೆಕ್‌ರೋಲ್ ಬರೆಯುವವನು ಪ್ರೋಗ್ರಾಮಿಂಗ್‌ಗೆ ಅರ್ಜಿ ಹಾಕಿದ್ದು

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಳ್ಳುವುದು, ಯಾರು ಯಾವ ಕೆಲಸಕ್ಕೆ ಹೋದರು ಎಂದು ಚೆಕ್‌ರೋಲ್‌ನಲ್ಲಿ ಬರೆಯುವುದು, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ ಚೀಟಿ ಕೊಡುವುದು, ವಾರದ ಕೊನೆಗೆ ಬಟವಾಡೆ, ಅಂದರೆ ಕೂಲಿ ಹಂಚುವ ಲೆಕ್ಕ ಹಾಕುವುದು. ಇಷ್ಟೇ ನನ್ನ ಸಾಹಿತ್ಯ.

2022ರ ಕುಯ್ಲಿನಲ್ಲಿ ಒಂದು ವಾರ ಎಕ್ಸೆಲ್ ಹಾಳೆಯಲ್ಲಿ ನನ್ನ ಕೈತಪ್ಪಿನಿಂದ ಒಂದು ಸಾಲು ಕೆಳಗೆ ಜಾರಿತು. ಒಬ್ಬರ ಕಿಲೋ ಇನ್ನೊಬ್ಬರ ಹೆಸರಿಗೆ ಹೋಯಿತು. ಬಟವಾಡೆ ದಿನ ಲೈನ್ ಮನೆಯ (ತೋಟದ ಆಳುಗಳ ಸಾಲುಮನೆ) ಹೆಂಗಸೊಬ್ಬರು ಎಲ್ಲರ ಮುಂದೆ ಕೇಳಿದರು: "ರೈಟ್ರೇ, ನಾನು ಕುಯ್ದಿದ್ದು ಅವಳಿಗೆ ಹೆಂಗೆ ಹೋಯ್ತು?" ಉತ್ತರ ಇರಲಿಲ್ಲ. ಚೀಟಿ ಎಲ್ಲಾ ಮತ್ತೆ ಹರಡಿಕೊಂಡು ರಾತ್ರಿ ಹನ್ನೊಂದರ ತನಕ ಕೂತೆ. ಆಮೇಲೆ ಅಣ್ಣನ ಮಗಳು ಮನೆಗೆ ಬಂದಿದ್ದಾಗ ಹೇಳಿಕೊಂಡೆ. ಅವಳು ಹಾಸನದಲ್ಲಿ ಬಿಸಿಎ ಓದುತ್ತಾಳೆ. "ಚಿಕ್ಕಪ್ಪ, ಇದಕ್ಕೆ ಒಂದು ಸಣ್ಣ ಪ್ರೋಗ್ರಾಂ ಸಾಕು. ನೀವೇ ಬರೀಬಹುದು" ಅಂದಳು. ನಗಾಡಿದೆ. ನನ್ನದು ಕನ್ನಡ ಮಾಧ್ಯಮ, ಪಿಯುಸಿ ಕಾಮರ್ಸ್, ವಯಸ್ಸು 36.

ಆದರೂ ಹುಡುಕಿದೆ. ಪೇಟೆಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಸಿಗುತ್ತದೆ, ಆದರೆ ಸರ್ಟಿಫಿಕೇಟ್ ವಿಶ್ವವಿದ್ಯಾಲಯದ್ದಲ್ಲ. ದೆಹಲಿಯ ಇಗ್ನೋ 1985ರಿಂದ, ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ 1996ರಿಂದ ಮನೆಯಲ್ಲೇ ಕೂತು ಓದುವವರಿಗೆ ದಾರಿ ಮಾಡಿಕೊಟ್ಟಿವೆ. ಎರಡನ್ನೂ ನೋಡಿದೆ. ಕೊನೆಗೆ ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಕೋರ್ಸ್ ಹಿಡಿದೆ. ಪೂರ್ತಿ ಓದಿದರೆ ಡೇಟಾ ಸೈನ್ಸ್‌ನಲ್ಲಿ ಬಿಎಸ್ ಪದವಿ. ನನಗೆ ಹಿಡಿಸಿದ್ದು ಪದವಿ ಅಲ್ಲ, ನಡುವೆ ಇಳಿದುಕೊಳ್ಳಬಹುದು ಅನ್ನೋದು. ಮೊದಲ ಹಂತದ 8 ವಿಷಯ ಮುಗಿಸಿದರೆ ಫೌಂಡೇಶನ್ ಸರ್ಟಿಫಿಕೇಟ್, ಅದರಲ್ಲೇ ಪೈಥಾನ್ ಇದೆ, ಪ್ರೋಗ್ರಾಂ ಬರೆಯುವ ಭಾಷೆ. ಮುಂದೆ ಬೇಕಾದರೆ ಪ್ರೋಗ್ರಾಮಿಂಗ್ ಡಿಪ್ಲೊಮಾ. ಬೇಡ ಅಂದರೆ ಅಲ್ಲಿಗೇ ಸಾಕು. ಬಸ್ಸಿನ ಹಾಗೆ, ಬೇಕಾದ ಸ್ಟಾಪಿನಲ್ಲಿ ಇಳಿ.

ವಯಸ್ಸಿನ ಮಿತಿ ಇಲ್ಲ. ಪಿಯುಸಿ ಯಾವ ವಿಭಾಗವಾದರೂ ಸರಿ. ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು, ಅಷ್ಟೇ. ಕಾಮರ್ಸ್ ಓದಿದವನಿಗೆ ಇದೇ ದೊಡ್ಡ ಸಮಾಧಾನ.

ಈಗ ಕಾಗದದ ಕಥೆ. 2023ರ ಮೇ ತಿಂಗಳಲ್ಲಿ ಸೆಪ್ಟೆಂಬರ್ ಟರ್ಮ್‌ಗೆ ಅರ್ಜಿ ಹಾಕಲು ಕೂತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಮ್ಮನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಸಿಕ್ಕಿತು. ಅದರಲ್ಲಿ ನನ್ನ ಹೆಸರಿಗೆ ಎರಡು ಇನಿಶಿಯಲ್. ಆಧಾರ್‌ನಲ್ಲಿ ಇನಿಶಿಯಲ್ ಇಲ್ಲ, ಅಪ್ಪನ ಹೆಸರು ಪೂರ್ತಿಯಾಗಿ ಹಿಂದೆ ಅಂಟಿಕೊಂಡಿದೆ. ನಮ್ಮ ಕಡೆ ಅರ್ಧ ಜನರದ್ದು ಹೀಗೇ ಇರುತ್ತದೆ, ಅಲ್ವಾ? ಪರೀಕ್ಷೆ ದಿನ ಬಾಗಿಲಲ್ಲಿ ಗುರುತಿನ ಚೀಟಿ ನೋಡಿ ಒಳಗೆ ಬಿಡುವವರಿಗೆ ಇದನ್ನೆಲ್ಲ ವಿವರಿಸುತ್ತಾ ನಿಲ್ಲಲು ಆಗುವುದಿಲ್ಲ. ಅದಕ್ಕೆ ಮೊದಲೇ ಆಧಾರ್ ತಿದ್ದಿಸಿದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಸುಮ್ನೆ ಯಾವುದೋ ಕಾಗುಣಿತಕ್ಕೆ ಒಂದನ್ನು ಕಳೆದುಕೊಳ್ಳಬೇಡಿ, ಅಂಕಪಟ್ಟಿ ಎದುರಿಗಿಟ್ಟುಕೊಂಡೇ ಹೋಗಿ.

ಇನ್ನೊಂದು, ಜಾತಿ ಪ್ರಮಾಣಪತ್ರ. ಜಾತಿ, ಆದಾಯ ನೋಡಿ ಶುಲ್ಕದಲ್ಲಿ ಶೇ. 75ರ ತನಕ ರಿಯಾಯಿತಿ ಇತ್ತು. ನಾನು ಮಕ್ಕಳ ಸ್ಕೂಲಿಗೆ ಕೊಡುವ ಪತ್ರವನ್ನೇ ಹಿಡಿದುಕೊಂಡು ಹೊರಟಿದ್ದೆ. ಅದು ನಡೆಯುವುದಿಲ್ಲ. ನಮ್ಮ ರಾಜ್ಯದ 2ಎ, 3ಬಿ ಬೇರೆ, ಕೇಂದ್ರದ ಒಬಿಸಿ ಬೇರೆ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಪತ್ರವೂ ಕೇಂದ್ರದ ನಮೂನೆಯಲ್ಲೇ ಇರಬೇಕು. ನಾಡಕಚೇರಿಗೆ ಮತ್ತೆ ಅರ್ಜಿ ಕೊಟ್ಟು ಮಾಡಿಸಿದೆ. ನನಗೆ ಅರ್ಧ ಶುಲ್ಕ ಉಳಿಯಿತು, ಆ ಓಡಾಟ ದಂಡವಾಗಲಿಲ್ಲ.

ಫಾರ್ಮ್ ತುಂಬಲು ಸೈಬರ್ ಸೆಂಟರ್‌ಗೆ ಹೋದದ್ದು ನನ್ನ ತಪ್ಪು. ಅಲ್ಲಿನ ಹುಡುಗ ಚುರುಕು. ಫೋಟೋ, ಸಹಿ, ಅಂಕಪಟ್ಟಿ ಎಲ್ಲಾ ಪಟಪಟ ಸ್ಕ್ಯಾನ್ ಮಾಡಿದ. ದುಡ್ಡು ಕಟ್ಟುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ನಾಳೆ ಬನ್ನಿ ಅಂದ. ಬೈದುಕೊಂಡೇ ಮನೆಗೆ ಬಂದೆ. ರಾತ್ರಿ ಅಣ್ಣನ ಮಗಳು ಫೋನಿನಲ್ಲಿ ಕೇಳಿದಳು, "ಚಿಕ್ಕಪ್ಪ, ಯಾವ ಮೇಲ್ ಐಡಿ ಕೊಟ್ಟಿದ್ದೀರಾ?" ನನಗೆ ಗೊತ್ತೇ ಇರಲಿಲ್ಲ. ಮಾರನೇ ದಿನ ಹೋಗಿ ನೋಡಿದರೆ ಅಂಗಡಿಯ ಜಿಮೇಲ್‌ನಲ್ಲಿ ಲಾಗಿನ್ ಆಗಿದೆ. ದಿನಕ್ಕೆ ಇಪ್ಪತ್ತು ಅರ್ಜಿ ಹಾಕುವವನಿಗೆ ಅದು ಅಭ್ಯಾಸ, ಮೋಸ ಏನಿಲ್ಲ. ಆದರೆ ಈ ಕೋರ್ಸಿನಲ್ಲಿ ಪಾಠ, ಅಸೈನ್‌ಮೆಂಟ್, ಹಾಲ್ ಟಿಕೆಟ್ ಎಲ್ಲಾ ಅದೇ ಲಾಗಿನ್‌ಗೆ ಬರುತ್ತದೆ. ದುಡ್ಡು ಕಟ್ಟಿದ್ದರೆ ನಾನು ದಿನಾ ಆ ಅಂಗಡಿಯ ಬೆಂಚಿನ ಮೇಲೆ ಕೂತೇ ಓದಬೇಕಿತ್ತೇನೋ! ಸ್ಕ್ಯಾನ್ ಮಾಡಿದ್ದನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದು, ತೋಟದ ಆಫೀಸಿನ ಕಂಪ್ಯೂಟರ್‌ನಲ್ಲಿ ನನ್ನದೇ ಜಿಮೇಲ್‌ನಿಂದ ಮೊದಲಿಂದ ತುಂಬಿದೆ. ಅರ್ಜಿ ಶುಲ್ಕ ಆಗ 3,000 ರೂಪಾಯಿ ಇತ್ತು. ನೆಟ್‌ವರ್ಕ್ ಹೋಗಿದ್ದಕ್ಕೆ ಖುಷಿಪಟ್ಟದ್ದು ಅದೊಂದೇ ಸಲ.

ದುಡ್ಡು ಕಟ್ಟಿ ಅರ್ಜಿ ಮುಗಿಯಿತು ಅಂದುಕೊಂಡೆ. ನಿಜವಾದ ಅರ್ಜಿ ಶುರುವಾಗಿದ್ದೇ ಆಮೇಲೆ.

ಇಲ್ಲಿ ಮೊದಲೇ ಪ್ರವೇಶ ಪರೀಕ್ಷೆ ಇಡುವುದಿಲ್ಲ. ನಾಲ್ಕು ವಾರ ಪಾಠ ಮಾಡುತ್ತಾರೆ. ಗಣಿತ, ಸಂಖ್ಯಾಶಾಸ್ತ್ರ, ಇಂಗ್ಲಿಷ್, ಕಂಪ್ಯುಟೇಶನಲ್ ಥಿಂಕಿಂಗ್ (ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಯೋಚಿಸುವುದು). ವಾರವಾರ ಅಸೈನ್‌ಮೆಂಟ್, ಅದಕ್ಕೆ ಕೊನೇ ದಿನಾಂಕ. ಮೊದಲ ಮೂರು ವಾರದಲ್ಲಿ ಚೆನ್ನಾಗಿ ಬಂದ ಎರಡರ ಸರಾಸರಿ ನೋಡಿ ಪರೀಕ್ಷೆಗೆ ಕೂರಿಸುತ್ತಾರೆ. ಪರೀಕ್ಷೆ ಈ ನಾಲ್ಕು ವಾರದ ಪಾಠದ ಮೇಲೆಯೇ. ಒಂದೊಂದು ವಿಷಯಕ್ಕೆ ವಾರಕ್ಕೆ ಹತ್ತು ಗಂಟೆ ಬೇಕು ಎಂದು ಅವರೇ ಹೇಳುತ್ತಾರೆ. ನಾಲ್ಕಕ್ಕೆ ನಲವತ್ತು. ಕೆಲಸಕ್ಕೆ ಹೋಗುವವನಿಗೆ ಅಷ್ಟೆಲ್ಲಿ ಸಿಗುತ್ತದೆ? ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಎರಡು ಗಂಟೆ, ರಾತ್ರಿ ಎರಡು ಗಂಟೆ, ಭಾನುವಾರ ಪೂರ್ತಿ. ಅದೂ ಬರೀ ನಾಲ್ಕು ವಾರ ಅಂತ ಮನೆಯವಳು ಸಹಿಸಿಕೊಂಡಳು.

ಮೊದಲು ಹೆದರಿದ್ದು ಇಂಗ್ಲಿಷ್‌ಗೆ. ತೆರೆದು ನೋಡಿದರೆ ಮೊದಲ ಪಾಠವೇ ಉಚ್ಚಾರಣೆ. ಯಾವ ಶಬ್ದ ಗಂಟಲಿನಿಂದ, ಯಾವುದು ತುಟಿಯಿಂದ ಹೊರಡುತ್ತದೆ ಅನ್ನೋದು. ಕ ಖ ಗ ಘ ಒಂದು ಸಾಲು, ಪ ಫ ಬ ಭ ಇನ್ನೊಂದು ಸಾಲು ಎಂದು ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಅದೇ ತಾನೇ. ಕನ್ನಡ ಮಾಧ್ಯಮದವರೇ, ಈ ಒಂದು ಪಾಠದಲ್ಲಿ ನಾವು ಮುಂದೆ ಇದ್ದೇವೆ. ಮೇಷ್ಟರು ಮಾತಾಡುವ ಇಂಗ್ಲಿಷ್ ಮಾತ್ರ ಮೊದಲ ವಾರ ಅರ್ಧ ಹಾರಿಹೋಯಿತು. ವಿಡಿಯೋ ನಿಧಾನ ಮಾಡಿ ಎರಡೆರಡು ಸಲ ಕೇಳಿದೆ.

ಸಂಖ್ಯಾಶಾಸ್ತ್ರಕ್ಕೆ ತೋಟದ ಮಳೆ ಪುಸ್ತಕ ಸಹಾಯಕ್ಕೆ ಬಂತು. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ದಿನಾ ಬರೆದಿಡುತ್ತೇವೆ. ಐದು ದಿನದ ಮಳೆ 1, 1, 2, 1, 10 ಇಂಚು ಅಂದುಕೊಳ್ಳಿ. ಸರಾಸರಿ 3 ಬರುತ್ತದೆ. ಮೂರು ಇಂಚು ಮಳೆ ಒಂದು ದಿನವೂ ಬಂದಿಲ್ಲ! ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 1. ಸರಾಸರಿಗೂ ಮೀಡಿಯನ್‌ಗೂ ಇರುವ ವ್ಯತ್ಯಾಸ ಹೀಗೆ ತಲೆಗೆ ಹೋಯಿತು. ಗಣಿತ ಕಷ್ಟವೇ ಆಯಿತು. ಸೆಟ್, ಸರಳರೇಖೆ ತನಕ ಹೇಗೋ ಬಂದೆ, ಬಹುಪದೋಕ್ತಿಗಳಲ್ಲಿ ಸುಸ್ತಾದೆ.

ಆದರೆ ಕಂಪ್ಯುಟೇಶನಲ್ ಥಿಂಕಿಂಗ್, ಅದು ನನ್ನ ಪಾಠ. ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಅಂಗಡಿ ಬಿಲ್ಲು, ಮಕ್ಕಳ ಅಂಕ, ಇಂಥವನ್ನು ಕಾರ್ಡುಗಳಲ್ಲಿ ಬರೆದು ಒಂದು ಕಟ್ಟು ಮಾಡುತ್ತಾರೆ. ಮೇಲಿನ ಕಾರ್ಡು ತೆಗಿ, ಓದು, ಬೇಕಾದ್ದನ್ನು ಕೂಡಿಸಿಕೋ, ಎರಡನೇ ಕಟ್ಟಿಗೆ ಹಾಕು. ಮೊದಲ ಕಟ್ಟಿನಲ್ಲಿ ಕಾರ್ಡು ಇರುವ ತನಕ ಇದನ್ನೇ ಮಾಡು. ನಾನು ಜೋರಾಗಿ ನಕ್ಕೆ. ಹದಿಮೂರು ವರ್ಷದಿಂದ ಪ್ರತಿ ಬಟವಾಡೆಗೂ ತೂಕದ ಚೀಟಿ ಹಿಡಿದು ನಾನು ಮಾಡುತ್ತಿರುವುದು ಅದೇ. ವ್ಯತ್ಯಾಸ ಒಂದೇ. ಕೂಡಿಸಲು ಶುರು ಮಾಡುವ ಮುಂಚೆ ಮೊತ್ತಕ್ಕೆ ಸೊನ್ನೆ ಇಡಬೇಕು ಎಂದು ಅಲ್ಲಿ ಬರೆದೇ ತೋರಿಸಬೇಕು. ನಾವು ಅದನ್ನು ಹೇಳುವುದೇ ಇಲ್ಲ, ತನ್ನಷ್ಟಕ್ಕೆ ಆಗುತ್ತದೆ. ಮೊದಲ ಅಸೈನ್‌ಮೆಂಟ್‌ನಲ್ಲಿ ನನ್ನ ಎರಡು ಉತ್ತರ ತಪ್ಪಾಗಿದ್ದೂ ಆ ಸೊನ್ನೆಯಿಂದಲೇ. ಎರಡನೇ ಸಲದಿಂದ ಹಳೆಯ ಚೀಟಿಗಳನ್ನೇ ಮೇಜಿನ ಮೇಲೆ ಹರಡಿಕೊಂಡು ಒಂದೊಂದು ಹೆಜ್ಜೆ ಮಾಡಿ ನೋಡಿದೆ.

ಆ ವರ್ಷ ಮುಂಗಾರು ತಡವಾಯಿತು. ಸಾಹುಕಾರರು ಆಕಾಶ ನೋಡಿ ಚಿಂತೆ ಮಾಡುತ್ತಿದ್ದರು. ನಾನು ಒಳಗೊಳಗೇ ಇನ್ನೆರಡು ವಾರ ಬೇಡಪ್ಪ ಅನ್ನುತ್ತಿದ್ದೆ. ಮಲೆನಾಡಿನಲ್ಲಿ ಗಾಳಿ ಮಳೆ ಹಿಡಿದರೆ ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ರೂ ಮಲಗುತ್ತದೆ. ಕೊನೇ ವಾರ ಹಾಗೇ ಆಯಿತು. ಅಸೈನ್‌ಮೆಂಟ್ ಕೊಡಲು ಬೈಕಿನಲ್ಲಿ ಪೇಟೆ ತನಕ ಬಂದು, ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕೂತು ಮೊಬೈಲಿನಲ್ಲೇ ಕಳಿಸಿದೆ. ರಾತ್ರಿ ತನಕ ಕಾಯಬಾರದು, ಬೆಳಿಗ್ಗೆ ಸಿಗ್ನಲ್ ಇದ್ದಾಗಲೇ ಕಳಿಸಿಬಿಡಬೇಕು ಅನ್ನೋದು ನನಗೆ ತಡವಾಗಿ ಹೊಳೆಯಿತು.

ಪರೀಕ್ಷೆ ಜುಲೈನಲ್ಲಿ. ಪಾಠ ಆನ್‌ಲೈನ್ ಆದರೂ ಪರೀಕ್ಷೆಗೆ ಕೇಂದ್ರಕ್ಕೇ ಹೋಗಬೇಕು. ಅಕ್ಕನ ಮನೆ ಇದೆ ಎಂದು ಬೆಂಗಳೂರು ಆರಿಸಿಕೊಂಡಿದ್ದೆ. ನಾಲ್ಕು ವಿಷಯಕ್ಕೂ ಸೇರಿ ನಾಲ್ಕು ಗಂಟೆ, ಕಂಪ್ಯೂಟರ್ ಮುಂದೆ. ಸುತ್ತ ಎಲ್ಲಾ ಹುಡುಗರು. ಒಬ್ಬ ನನ್ನನ್ನು ಮೇಲ್ವಿಚಾರಕರು ಅಂದುಕೊಂಡು "ಸರ್, ಬ್ಯಾಗ್ ಎಲ್ಲಿಡಬೇಕು?" ಎಂದು ಕೇಳಿದ. ಜನರಲ್ ಅಭ್ಯರ್ಥಿಗಳಿಗೆ ಪ್ರತಿ ವಿಷಯದಲ್ಲಿ 40, ಎಲ್ಲದರ ಸರಾಸರಿ 50 ಬರಬೇಕು. ನಮಗೆ, ಅಂದರೆ ಒಬಿಸಿಯವರಿಗೆ, ಎರಡರಲ್ಲೂ ಐದು ಕಡಿಮೆ. ಗಣಿತದಲ್ಲಿ ನಾನು ದಾಟಿದ್ದು ಕೂದಲೆಳೆಯಲ್ಲಿ. ಕಂಪ್ಯುಟೇಶನಲ್ ಥಿಂಕಿಂಗ್ ಸರಾಸರಿಯನ್ನು ಎತ್ತಿ ಹಿಡಿಯಿತು.

ಸೇರುವಾಗ ಎಷ್ಟು ವಿಷಯ ತೆಗೆದುಕೊಳ್ಳಬಹುದು ಅನ್ನೋದಕ್ಕೆ ಪರೀಕ್ಷೆಯ ಅಂಕ ನೋಡಿ ಒಂದು ಮಿತಿ ಇರುತ್ತದೆ, ಅದರೊಳಗೆ ನಾವೇ ಆರಿಸಬಹುದು. ಅಷ್ಟಕ್ಕೇ ದುಡ್ಡು ಕಟ್ಟಿದರೆ ಸಾಕು. ಆಗ ಒಂದು ವಿಷಯಕ್ಕೆ 4,000 ರೂಪಾಯಿ ಇತ್ತು. ಎರಡೇ ತೆಗೆದುಕೊಂಡೆ. ರಿಯಾಯಿತಿ ಕಳೆದು 4,000 ಕಟ್ಟಿದೆ. ಹುಮ್ಮಸ್ಸಿನಲ್ಲಿ ಇನ್ನೂ ಹೆಚ್ಚು ತೆಗೆದುಕೊಂಡಿದ್ದರೆ ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾದಾಗ ಕೈ ಕಟ್ಟಿಹೋಗುತ್ತಿತ್ತು.

ಪೈಥಾನ್ ಮಾತ್ರ ತಕ್ಷಣ ಸಿಗುವುದಿಲ್ಲ. ಕಂಪ್ಯುಟೇಶನಲ್ ಥಿಂಕಿಂಗ್ ಪಾಸಾದ ಮೇಲೇ ಅದು. ಅಂದರೆ ಜನವರಿ ಟರ್ಮ್. ಜನವರಿ ಅಂದರೆ ನಮ್ಮಲ್ಲಿ ರೋಬಸ್ಟಾ ಕುಯ್ಲು, ಉಸಿರಾಡಲು ಹೊತ್ತಿಲ್ಲ. ಆ ಟರ್ಮ್ ಬಿಟ್ಟು ಮೇಗೆ ಹಾಕಿದೆ. ಆ ಕುಯ್ಲಿನ ಬಟವಾಡೆಯನ್ನೂ ಕೈಯಲ್ಲೇ ಮಾಡಿದೆ, ಎರಡು ಕಟ್ಟು ಚೀಟಿ ಇಟ್ಟುಕೊಂಡು, ಮೊದಲ ಸಾಲಿನಲ್ಲಿ ಸೊನ್ನೆ ಬರೆದು.