ಪಂಪ್‌ಸೆಟ್ ಕಾರ್ಬುರೇಟರ್ ಓವರ್‌ಫ್ಲೋ: ನಾನು ಸರಿ ಮಾಡಿಕೊಂಡಿದ್ದು ಹೀಗೆ

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಸಣ್ಣ ರೊಬಸ್ಟಾ ಕಾಫಿ ತೋಟ. ಕಾಫಿ ಹೂ ಅರಳಲು ಸ್ಪ್ರಿಂಕ್ಲರ್ ಓಡಿಸಲು ಡೀಸೆಲ್ ಇಂಜಿನ್ ಇದೆ. ಆದರೆ ಏಪ್ರಿಲ್ ಬಿಸಿಲಲ್ಲಿ ಹೊಸ ಗಿಡಕ್ಕೆ, ಮೆಣಸಿನ ಬಳ್ಳಿಗೆ ಹೋಸ್ ಹಿಡಿದು ನೀರು ಬಿಡೋಕೆ ಹಳೇ ಪೆಟ್ರೋಲ್-ಸೀಮೆಎಣ್ಣೆ ಪಂಪ್‌ಸೆಟ್ಟೇ ಬೇಕು, ಇಬ್ಬರು ಹೊತ್ತುಕೊಂಡು ಕೆರೆಯಿಂದ ತೋಡಿಗೆ ಒಯ್ಯಬಹುದು. ಈ ಬೇಸಿಗೆಯಲ್ಲಿ ಅದು ಕೈಕೊಟ್ಟಿತು.

"ಅಣ್ಣ, ಹಗ್ಗ ಎಳೆಯೋಕೇ ಆಗ್ತಿಲ್ಲ, ಇಂಜಿನ್ ಹಿಡ್ಕೊಂಡಿದೆ" ಅಂತ ಕೆಲಸದ ಹುಡುಗ ಕೂಗಿದ. ಹೋಗಿ ನೋಡಿದರೆ ಏರ್ ಕ್ಲೀನರ್ ಕೆಳಗಿನ ಮಣ್ಣೆಲ್ಲ ಒದ್ದೆ, ಪೆಟ್ರೋಲ್ ವಾಸನೆ. ಇಂಥ ಹೊತ್ತಲ್ಲಿ ಹಗ್ಗವನ್ನು ಬಲವಂತವಾಗಿ ಜಗ್ಗಲೇಬೇಡಿ. ಟ್ಯಾಂಕ್ ಮೇಲಿದೆ, ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್ ಕೆಳಗಿದೆ, ಪೆಟ್ರೋಲ್ ತಾನಾಗಿ ಇಳಿದು ಬರುತ್ತದೆ. ಅದನ್ನು ತಡೆಯುವ ಸೂಜಿಯಂಥ ನೀಡಲ್ ಮುಚ್ಚದಿದ್ದರೆ ಪೆಟ್ರೋಲ್ ಸಿಲಿಂಡರಿಗೇ ಹೋಗಿ ತುಂಬುತ್ತದೆ, ಪಿಸ್ಟನ್ ಮೇಲೇಳುವುದಿಲ್ಲ. ಪೆಟ್ರೋಲ್ ಟ್ಯಾಪ್ ಮುಚ್ಚಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆ, ಪ್ಲಗ್ ಕ್ಯಾಪನ್ನು ಆ ತೂತಿನಿಂದ ದೂರ ಇಟ್ಟೆ, ಆಮೇಲೆ ಹಗ್ಗವನ್ನು ನಿಧಾನವಾಗಿ ಎಳೆದೆ. ಪೆಟ್ರೋಲ್ ಪಿಚಕ್ ಅಂತ ಹೊರಗೆ ಚಿಮ್ಮಿತು. ಹತ್ತಿರ ಯಾರೂ ಬೀಡಿ ಹಚ್ಚದ ಹಾಗೆ ನೋಡಿಕೊಳ್ಳಿ.

ಮುಂದೆ ನೋಡಬೇಕಾದ್ದು ಇಂಜಿನ್ ಆಯಿಲ್. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಆಯಿಲ್ ಮಟ್ಟ ಮೇಲೇರಿತ್ತು, ಬೆರಳಿಗೆ ಹಚ್ಚಿದರೆ ನೀರಿನ ಹಾಗೆ ತೆಳ್ಳಗೆ, ಪೆಟ್ರೋಲ್ ವಾಸನೆ ಬೇರೆ. ಹಾಗೇ ಓಡಿಸಿದರೆ ಬೇರಿಂಗ್ ಹಾಳಾಗುತ್ತದೆ. ಪೂರ್ತಿ ಸುರಿದು ಹೊಸ ಆಯಿಲ್ ಹಾಕಿದೆ.

ಪ್ಲಗ್ ಒದ್ದೆ ಅಂದ ಮಾತ್ರಕ್ಕೆ ಓವರ್‌ಫ್ಲೋ ಅಂದುಕೊಳ್ಳಬೇಡಿ. ಈ ಇಂಜಿನ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಯಲ್ಲಿ ಓಡಿಸುವಂಥದ್ದು. ಹಿಂದಿನ ದಿನ ಸೀಮೆಎಣ್ಣೆಯಲ್ಲೇ ಓಡಿಸಿ ನಿಲ್ಲಿಸಿದ್ದರೆ ಕಾರ್ಬುರೇಟರ್ ತಳದ ಬಟ್ಟಲು, ಅಂದರೆ ಬೌಲ್ ತುಂಬ ಸೀಮೆಎಣ್ಣೆ ಉಳಿದಿರುತ್ತದೆ, ತಣ್ಣಗಿನ ಇಂಜಿನ್ ಅದರಲ್ಲಿ ಸ್ಟಾರ್ಟ್ ಆಗುವುದಿಲ್ಲ. ಬೌಲ್ ಖಾಲಿ ಮಾಡಿ ಪೆಟ್ರೋಲ್ ಬಿಟ್ಟರೆ ಸಾಕು. ನಿಲ್ಲಿಸುವ ಮುಂಚೆ ಸ್ವಲ್ಪ ಹೊತ್ತು ಪೆಟ್ರೋಲಿಗೆ ತಿರುಗಿಸಿದರೆ ಈ ತಾಪತ್ರಯವೇ ಇಲ್ಲ. ನಿಜವಾದ ಓವರ್‌ಫ್ಲೋ ಬೇರೆ. ಇಂಜಿನ್ ನಿಂತಿರುವಾಗ, ಸಮ ನೆಲದಲ್ಲಿ, ಟ್ಯಾಪ್ ತೆರೆದಿಟ್ಟು ನೋಡಿ. ತೊಟ್ಟಿಕ್ಕುತ್ತಲೇ ಇದ್ದರೆ ಹೆಚ್ಚಾಗಿ ನೀಡಲ್ ಮುಚ್ಚುತ್ತಿಲ್ಲ ಅಂತ ಅರ್ಥ. ಸಮ ನೆಲ ಯಾಕೆ ಅಂದರೆ, ನಮ್ಮ ಕಡೆ ತೋಡಿನ ಬದಿಯೆಲ್ಲ ಇಳಿಜಾರು ಅಲ್ವಾ, ಇಂಜಿನ್ ವಾಲಿ ಕೂತರೆ ಬೌಲಿನಲ್ಲಿ ತೇಲುವ ಫ್ಲೋಟ್ ಸರಿಯಾಗಿ ಏಳದೆಯೂ ಉಕ್ಕುತ್ತದೆ. ನಾನು ಕೆಳಗೊಂದು ಹಲಗೆ ಕೊಟ್ಟು ಕೂರಿಸುತ್ತೇನೆ.

ನಮ್ಮದು ಸಮ ನೆಲದಲ್ಲೂ ಸೋರಿತು. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲಿಗೆ ಮೆಲ್ಲಗೆ ತಟ್ಟಿದೆ, ಕೆಲವೊಮ್ಮೆ ಸಿಕ್ಕಿಕೊಂಡ ನೀಡಲ್ ಅಷ್ಟಕ್ಕೇ ಬಿಡುತ್ತದೆ. ಬಿಡಲಿಲ್ಲ. ಬೌಲ್ ಬಿಚ್ಚಿದರೆ ತಳದಲ್ಲಿ ಬಿಳಿ ಪುಡಿ, ತುಕ್ಕಿನ ಚೂರು, ಒಂದೆರಡು ಹನಿ ನೀರು. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಕೂತ ಇಂಜಿನ್, ಕೊಡಗಿನ ಥಂಡಿ ಕೇಳಬೇಕಾ? ಈಗಿನ ಬಂಕ್ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ, ಹಳೇ ರಬ್ಬರಿಗೂ ಒಳ್ಳೆಯದಲ್ಲ.

ಮನೆ ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ಮಾಡುವ ಕೆಲಸವನ್ನೇ ಇಲ್ಲಿ ಫ್ಲೋಟ್ ಮತ್ತು ನೀಡಲ್ ಮಾಡುವುದು. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿದೆ, ಒಳಗೆ ಕುಲುಕುವ ಸದ್ದಿಲ್ಲ. ಬಿಸಿ ನೀರಲ್ಲಿ ಮುಳುಗಿಸಿದೆ, ಗುಳ್ಳೆ ಬರಲಿಲ್ಲ. ಹಾಗಾದರೆ ಫ್ಲೋಟ್ ಸರಿಯಿದೆ. ನೀಡಲ್ ತುದಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದಾಗ ಕಂಡಿತು: ಕಪ್ಪು ರಬ್ಬರಿನ ಸುತ್ತ ಉಂಗುರದ ಹಾಗೆ ಒಂದು ಗೀರು. ಕಣ್ಣಿಗೆ ಏನೂ ಅನ್ನಿಸದಷ್ಟು ಸಣ್ಣದು, ಆದರೆ ಸೋರಲು ಅಷ್ಟು ಸಾಕು.

ನೀಡಲ್ ಕೂರುವ ತೂತಿನ ಅಂಚನ್ನು, ಅಂದರೆ ಸೀಟನ್ನು, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದೆ. ಸ್ಯಾಂಡ್‌ಪೇಪರ್ ತಾಗಿಸಬಾರದು. ಗೋಣಿಕೊಪ್ಪದಲ್ಲಿ ಹೊಸ ನೀಡಲ್ ಸಿಕ್ಕಿತು, ಹಳೆಯದನ್ನು ಜೊತೆಗೆ ಒಯ್ದು ಅಳತೆ ನೋಡಿಯೇ ತಂದೆ. ಜೋಡಿಸಿ, ಕಾರ್ಬುರೇಟರನ್ನು ತಲೆಕೆಳಗೆ ಹಿಡಿದು, ಪೆಟ್ರೋಲ್ ಬರುವ ತೂತಿಗೆ ಶುದ್ಧವಾದ ಪೈಪ್ ಸಿಕ್ಕಿಸಿ ಊದಿದೆ. ಗಾಳಿ ಹೋಗಲಿಲ್ಲ. ಫ್ಲೋಟನ್ನು ಬೆರಳಲ್ಲಿ ಎತ್ತಿದ ಕೂಡಲೇ ಹೋಯಿತು. ಈ ಪರೀಕ್ಷೆ ಮಾಡದೆ ಬೌಲ್ ಮುಚ್ಚಬೇಡಿ. ಗಾಳಿ-ಪೆಟ್ರೋಲ್ ಸ್ಕ್ರೂ ಮುಟ್ಟಲೇ ಇಲ್ಲ, ಓವರ್‌ಫ್ಲೋಗೂ ಅದಕ್ಕೂ ಸಂಬಂಧವಿಲ್ಲ, ಸುಮ್ನೆ ತಿರುಗಿಸಿದರೆ ಇನ್ನೊಂದು ತಲೆನೋವು ಜಾಸ್ತಿ.

ಟ್ಯಾಂಕ್ ತೊಳೆದು ಪೈಪಿನಲ್ಲಿ ಸಣ್ಣ ಫಿಲ್ಟರ್ ಹಾಕಿದೆ. ಈಗ ಮಳೆಗಾಲಕ್ಕೆ ಎತ್ತಿಡುವ ಮುಂಚೆ ಟ್ಯಾಂಕ್, ಬೌಲ್ ಎರಡನ್ನೂ ಖಾಲಿ ಮಾಡುತ್ತೇನೆ. ಹೊಸ ನೀಡಲ್ ಹಾಕಿದ ಮೇಲೂ ಸೋರಿದರೆ ಸೀಟೇ ಸವೆದಿರಬಹುದು, ಕೆಲವು ಕಾರ್ಬುರೇಟರಿನಲ್ಲಿ ಅದು ಬಿಚ್ಚಲು ಬರುವುದಿಲ್ಲ. ಅಂಥದ್ದಾದರೆ ಕಾರ್ಬುರೇಟರನ್ನೇ ಬದಲಾಯಿಸಿ.